ಜರ್ಮನ್‌ನಲ್ಲಿ ‘ಏರ್’ ಅನ್ಬೇಕಾ, ‘ಡೇರ್’ ಅನ್ಬೇಕಾ, ಹೆಸರೇ ಹೇಳ್ಬೇಕಾ? ಕನ್ನಡದವರಿಗೆ ಹಂತ ಹಂತವಾಗಿ

ಒಂದು ಕಾಫಿ ಕಪ್ಪಿಂದ ಶುರು ಮಾಡ್ತೀನಿ. ಟೇಬಲ್ ಮೇಲೆ ಹೊಗೆ ಆಡ್ತಿರೋ ಕಾಫಿ ಇದೆ, ಎದುರಿಗೆ ಕೂತಿರೋ ಫ್ರೆಂಡ್ ಕೈ ಚಾಚ್ತಿದಾನೆ, ನೀವು ‘ಹುಷಾರು, ಬಿಸಿ ಇದೆ’ ಅಂತೀರಿ. ಕನ್ನಡದಲ್ಲಿ ಮಾತು ಅಲ್ಲಿಗೆ ಮುಗೀತು, ಏನು ಬಿಸಿ ಅಂತ ಯಾರೂ ಕೇಳಲ್ಲ. ಜರ್ಮನ್‌ನಲ್ಲಿ ಅದೇ ಮಾತು ಹೇಳೋಕೆ ಬಾಯಿ ತೆರೆಯೋ ಮುಂಚೆ ಒಂದು ಸಣ್ಣ ತೀರ್ಮಾನ ಆಗ್ಬೇಕು. ಒಳಗಿರೋ ಕಾಫಿ ಬಿಸಿ ಅಂದ್ರೆ ‘ಡೇರ್ ಇಸ್ಟ್ ಹೈಸ್’, ಯಾಕಂದ್ರೆ ಕಾಫಿ ಅಲ್ಲಿ ಪುಲ್ಲಿಂಗ, ಡೇರ್ ಕಾಫೆ. ಕಪ್ಪೇ ಕೈ ಸುಡತ್ತೆ ಅಂದ್ರೆ ‘ಡೀ ಇಸ್ಟ್ ಹೈಸ್’, ಯಾಕಂದ್ರೆ ಕಪ್ಪು ಸ್ತ್ರೀಲಿಂಗ, ಡೀ ಟಾಸೆ. ಕಾಫಿ ಅಂತಾಗ್ಲಿ ಕಪ್ಪು ಅಂತಾಗ್ಲಿ ಯಾರೂ ಬಾಯಿಬಿಟ್ಟು ಹೇಳೇ ಇಲ್ಲ, ಆದ್ರೂ ಕೇಳಿದವನಿಗೆ ಯಾವುದು ಅಂತ ಗೊತ್ತಾಯ್ತು.

ಊರಿಂದ ನರ್ಸಿಂಗಿಗೆ, ಮಾಸ್ಟರ್ಸಿಗೆ ಅಂತ ಇಲ್ಲಿ ಜರ್ಮನಿಗೆ ಬರೋ ನಮ್ಮ ಹುಡುಗ ಹುಡುಗೀರಿಗೆ ವಾರದ ಕೊನೇಲಿ ಕೂರಿಸ್ಕೊಂಡು ಭಾಷೆ ಹೇಳ್ಕೊಡ್ತೀನಿ. ಬಿ1 ಅನ್ನೋ ಮಧ್ಯಮ ಮಟ್ಟದ ಜರ್ಮನ್ ಪರೀಕ್ಷೆ ಪಾಸಾಗಿ ಬಂದವರೂ ಎಡವೋದು ಇದೇ ಜಾಗದಲ್ಲಿ. ವಿಭಕ್ತಿ ಗೊತ್ತು, ಕ್ರಿಯಾಪದ ಗೊತ್ತು, ಆದ್ರೆ ಎರಡನೇ ವಾಕ್ಯಕ್ಕೆ ಬಂದಾಗ ಹಿಂದಿನ ವಾಕ್ಯದಲ್ಲಿ ಬಂದ ಮನುಷ್ಯನ್ನೋ ವಸ್ತೂನೋ ಏನಂತ ಕರೀಬೇಕು ಅನ್ನೋದು ಗೊತ್ತಾಗಲ್ಲ. ಪಾಠದ ಪುಸ್ತಕಗಳು ಇದನ್ನ ಚೂರು ಚೂರಾಗಿ ಅಲ್ಲಲ್ಲಿ ಇಟ್ಟಿರ್ತವೆ, ಅದಕ್ಕೇ ಎಲ್ಲಾ ಒಂದೇ ಕಡೆ ಸಿಗ್ಲಿ ಅಂತ ಬರೀತಿದೀನಿ.

ಇಡೀ ವಿಷಯಕ್ಕೆ ಒಂದೇ ಬೀಗದ ಕೈ ಇದೆ. ಕೇಳೋರ ತಲೇಲಿ ಆ ವಸ್ತು ಎಷ್ಟು ಮುಂದೆ ನಿಂತಿದ್ಯೋ ನಿಮ್ಮ ಪದ ಅಷ್ಟು ಚಿಕ್ಕದಿರ್ಬೇಕು, ಹಿಂದೆ ಸರಿದಷ್ಟೂ ಪದ ದೊಡ್ಡದಾಗ್ಬೇಕು. ಇದು ಜರ್ಮನ್‌ಗೆ ಮಾತ್ರ ಅಲ್ಲ, ಜೀನೆಟ್ ಗುಂಡೆಲ್ ಮತ್ತೆ ಅವರ ಜೊತೆಯ ಇಬ್ರು ಭಾಷಾಶಾಸ್ತ್ರಜ್ಞರು 1993ರಲ್ಲಿ ಬೇರೆ ಬೇರೆ ಭಾಷೆಗಳನ್ನ ನೋಡಿ ಇದಕ್ಕೆ ಆರು ಮೆಟ್ಟಿಲಿನ ಏಣಿನೇ ಹಾಕಿಕೊಟ್ಟಿದಾರೆ. ಪ್ರತಿ ಭಾಷೇಲೂ ಮೆಟ್ಟಿಲುಗಳಿಗೆ ಸಿಗೋ ಪದಗಳು ಬೇರೆ ಅಷ್ಟೇ. ನಮ್ಮಲ್ಲಿ ಏನೂ ಹೇಳದೇ ಇರೋದು, ‘ಅವನು’, ‘ಆ ಹುಡುಗ’, ‘ನಿನ್ನೆ ಬಂದಿದ್ನಲ್ಲ ಆ ಹುಡುಗ’ ಅಂತ ಹೋಗತ್ತೆ. ಜರ್ಮನ್‌ನಲ್ಲಿ ‘ಏರ್’ (ಅವನು), ‘ಡೇರ್’ (ಬೊಟ್ಟು ಮಾಡಿ ತೋರಿಸೋ ಥರದ ಅವನು), ಬರವಣಿಗೇಲಿ ‘ಡೀಝರ್’ (ಇವನು), ಆಮೇಲೆ ನಾಮಪದ ಅಂತ ಹೋಗತ್ತೆ. ನಮಗೆ ಕಷ್ಟ ಆಗೋದು ಆ ‘ಏರ್’ ಮತ್ತೆ ‘ಡೇರ್’ ಮಧ್ಯೆ, ಅದಕ್ಕೆ ನಿಧಾನವಾಗಿ ಬರ್ತೀನಿ.

ಹಂತ 1: ವಸ್ತುಗಳನ್ನೆಲ್ಲಾ ‘ಎಸ್’ (ಅದು) ಅನ್ನೋದನ್ನ ಮೊದಲು ನಿಲ್ಲಿಸಿ

ಕನ್ನಡದಲ್ಲಿ ಲಿಂಗ ಅಂದ್ರೆ ಅರ್ಥದ ಲೆಕ್ಕ. ಗಂಡಸು ಅವನು, ಹೆಂಗಸು ಅವಳು, ಉಳಿದಿದ್ದೆಲ್ಲಾ ಅದು. ಜರ್ಮನ್‌ನಲ್ಲಿ ಲಿಂಗ ಪದಕ್ಕೆ ಅಂಟಿಕೊಂಡಿರತ್ತೆ. ಊಟದ ಟೇಬಲ್ ನೋಡಿ, ಚಮಚ ಡೇರ್ ಲ್ಯೋಫೆಲ್, ಫೋರ್ಕ್ ಡೀ ಗಾಬೆಲ್, ಚಾಕು ಡಾಸ್ ಮೆಸರ್, ಒಂದೇ ತಟ್ಟೆ ಪಕ್ಕ ಮೂರೂ ಲಿಂಗ ಮಲಗಿರತ್ತೆ. ಚಮಚ ಎಲ್ಲಿ ಅಂತ ಕೇಳಿದ್ರೆ ಉತ್ತರದಲ್ಲಿ ‘ಏರ್’, ಫೋರ್ಕಿಗೆ ‘ಝೀ’ (ಅವಳು), ಚಾಕುಗೆ ಮಾತ್ರ ‘ಎಸ್’. ನಮ್ಮವರ ಬಾಯಲ್ಲಿ ಮೂರಕ್ಕೂ ‘ಎಸ್’ ಬರತ್ತೆ, ತಲೇಲಿ ‘ಅದು’ ಓಡ್ತಿರತ್ತಲ್ಲ ಅದಕ್ಕೆ.

ಇದು ಬರೀ ತಪ್ಪು ಸರಿ ಪ್ರಶ್ನೆ ಅಲ್ಲ ಅಂತ ನನಗೆ ಅರ್ಥ ಆಗೋಕೆ ಟೈಮ್ ಹಿಡೀತು. ಈ ವಾಕ್ಯ ನೋಡಿ: ‘ಡೀ ಲಾಂಪೆ ಶ್ಟೇಟ್ ಔಫ್ ಡೇಮ್ ಟಿಶ್’, ಅಂದ್ರೆ ದೀಪ ಮೇಜಿನ ಮೇಲಿದೆ. ಆಮೇಲೆ ‘ಝೀ ಇಸ್ಟ್ ನೊಯ್’ ಅಂದ್ರೆ ದೀಪ ಹೊಸದು, ‘ಏರ್ ಇಸ್ಟ್ ನೊಯ್’ ಅಂದ್ರೆ ಮೇಜು ಹೊಸದು. ಕನ್ನಡದಲ್ಲಿ ‘ದೀಪ ಮೇಜಿನ ಮೇಲಿದೆ, ಅದು ಹೊಸದು’ ಅಂದ್ರೆ ಯಾವುದು ಹೊಸದು ಅಂತ ಇನ್ನೊಂದ್ಸಲ ಕೇಳ್ಬೇಕಾಗತ್ತೆ. ಲಿಂಗ ಅನ್ನೋದು ಸರ್ವನಾಮದ ಮೇಲೆ ಬರೆದಿರೋ ಅಡ್ರೆಸ್ ಇದ್ದ ಹಾಗೆ, ಯಾರ ಮನೆಗೆ ಹೋಗ್ಬೇಕು ಅಂತ ಅದೇ ಹೇಳತ್ತೆ. ನೀವು ಎಲ್ಲದಕ್ಕೂ ‘ಎಸ್’ ಅಂದ್ರೆ ಅಡ್ರೆಸ್ ಇಲ್ಲದ ಕಾಗದ ಹಾಕಿದ ಹಾಗೆ, ಜರ್ಮನ್ ಮನುಷ್ಯ ಹಿಂದಿನ ವಾಕ್ಯದಲ್ಲಿ ನಪುಂಸಕಲಿಂಗದ ಪದ ಯಾವುದಿತ್ತು ಅಂತ ಹುಡುಕ್ತಾನೆ, ಸಿಗಲ್ಲ, ಮುಖ ಗಂಟು ಹಾಕ್ತಾನೆ, ನಾವು ನಮ್ಮ ಉಚ್ಚಾರಣೆ ಸರಿ ಇಲ್ವೇನೋ ಅಂದ್ಕೊತೀವಿ.

ಅಭ್ಯಾಸ ಹೀಗೆ ಮಾಡಿ. ಹೊಸ ಪದ ಕಲಿಯೋವಾಗ ‘ಡೇರ್ ಟಿಶ್’ ಅಂತ ಮಾತ್ರ ಬಾಯಿಪಾಠ ಮಾಡ್ಬೇಡಿ, ‘ಡೇರ್ ಟಿಶ್, ಏರ್, ಈನ್, ಈಮ್’ (ಮೇಜು, ಅದು, ಅದನ್ನ, ಅದಕ್ಕೆ) ಅಂತ ನಾಲ್ಕನ್ನೂ ಒಟ್ಟಿಗೆ ಹೇಳಿ. ಅಡುಗೆಮನೇಲಿ ನಿಂತು ಕಣ್ಣಿಗೆ ಬಿದ್ದಿದ್ದಕ್ಕೆಲ್ಲಾ ಸರ್ವನಾಮ ಹೇಳ್ತಾ ಹೋಗಿ, ಎರಡು ವಾರ ಸಾಕು. ಇನ್ನೊಂದು ವಿಷಯ, ಒಂದೇ ವಸ್ತುಗೆ ಎರಡು ಹೆಸರಿದ್ರೆ ಸರ್ವನಾಮ ಹೆಸರಿನ ಹಿಂದೆ ಹೋಗತ್ತೆ, ವಸ್ತುವಿನ ಹಿಂದೆ ಅಲ್ಲ. ಕಾರನ್ನ ‘ಡಾಸ್ ಔಟೊ’ ಅಂದಿದ್ರೆ ‘ಎಸ್’, ‘ಡೇರ್ ವಾಗೆನ್’ ಅಂದಿದ್ರೆ ‘ಏರ್’.

ಮನುಷ್ಯರ ವಿಷಯದಲ್ಲೂ ಪದದ ಲಿಂಗ ಅಡ್ಡ ಬರತ್ತೆ. ‘ಡೀ ಪೆರ್ಝೋನ್’ ಅಂದ್ರೆ ವ್ಯಕ್ತಿ, ಅವನು ಗಂಡಸಾದ್ರೂ ಆ ಪದ ಹಿಡಿದ್ರೆ ‘ಝೀ’. ‘ಡಾಸ್ ಮೇಡ್‌ಶೆನ್’ ಅಂದ್ರೆ ಹುಡುಗಿ, ಆದ್ರೆ ಪದ ನಪುಂಸಕ, ಕೊನೇಲಿ ‘ಶೆನ್’ ಬಂದಿದ್ದೆಲ್ಲಾ ಹಾಗೇ. ಹುಡುಗೀನ ‘ಎಸ್’ ಅನ್ಬೇಕಾ ‘ಝೀ’ ಅನ್ಬೇಕಾ? ಪದದ ಪಕ್ಕದಲ್ಲೇ ಇರೋ ‘ಯಾರು ಅಲ್ಲಿ ನಿಂತಿದಾಳೋ’ ಅನ್ನೋ ಥರದ ಜೋಡಣೆ ವಾಕ್ಯದಲ್ಲಿ ‘ಡಾಸ್’ ಕಡ್ಡಾಯ. ಮುಂದಿನ ವಾಕ್ಯಕ್ಕೆ ಹೋದಾಗ ಎರಡೂ ನಡಿಯತ್ತೆ, ಪದದಿಂದ ದೂರ ಹೋದಷ್ಟೂ ‘ಝೀ’ ಸಹಜ, ಒಂದ್ಸಲ ಹುಡುಗಿಯ ಹೆಸರು ಬಂತು ಅಂದ್ರೆ ‘ಝೀ’ನೇ.

ಹಂತ 2: ಮೊದಲ್ನೇ ಸಲಾನಾ, ಯಾವುದೋ ಒಂದಾ ಅಂತ ಕೇಳ್ಕೊಳ್ಳಿ

ಇದು ಬೇಗ ಮುಗಿಯೋ ವಿಷಯ. ‘ಪೆನ್ ಇದ್ಯಾ?’ ಅಂತ ಕೇಳಿದ್ರೆ ನಾವು ‘ಇದೆ’ ಅಂತೀವಿ. ಜರ್ಮನ್‌ನಲ್ಲಿ ಯಾವುದೋ ಒಂದು ಪೆನ್ ಇದ್ರೆ ‘ಯಾ, ಇಶ್ ಹಾಬೆ ಐನೆನ್’ (ಹೌದು, ಒಂದಿದೆ), ‘ನನ್ನ ಪೆನ್ ನಿನ್ನ ಹತ್ರ ಇದ್ಯಾ’ ಅಂತ ಕೇಳಿದ್ರೆ ಮಾತ್ರ ‘ಯಾ, ಇಶ್ ಹಾಬೆ ಈನ್’. ಹಾಲು, ಸಕ್ಕರೆ ಥರ ಎಣಿಸೋಕಾಗದ್ದಕ್ಕೆ, ಮತ್ತೆ ಬಹುವಚನಕ್ಕೆ ‘ವೆಲ್ಶೆ’ (ಸ್ವಲ್ಪ, ಕೆಲವು), ಹಾಲಿದ್ಯಾ ಅಂದ್ರೆ ‘ಇಶ್ ಹಾಬೆ ನೋಖ್ ವೆಲ್ಶೆ’. ಇಲ್ಲಿ ‘ಈನ್’ ಮತ್ತೆ ‘ಐನೆನ್’ ಅದಲು ಬದಲಾದ್ರೆ ಕೇಳಿದವರು ಯಾವ ಪೆನ್ ಅಂತ ಗಲಿಬಿಲಿ ಆಗ್ತಾರೆ.

ಹಂತ 3: ಅದೇ ಮನುಷ್ಯನ ಮಾತು ಮುಂದುವರೀತಿದ್ಯಾ, ಬೇರೆಯವರ ಕಡೆ ತಿರುಗ್ತಿದ್ಯಾ?

ಇದೇ ಮುಖ್ಯ ಭಾಗ, ಇಡೀ ಲೇಖನದಲ್ಲಿ ಒಂದೇ ಒಂದು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ.

‘ಟೋಮಾಸ್ ಹಾಟ್ ಮಾರ್ಟಿನ್ ಗೆಟ್ರೋಫೆನ್’, ಟೋಮಾಸ್ ಮಾರ್ಟಿನ್‌ನ ಭೇಟಿ ಆದ. ಮುಂದಿನ ವಾಕ್ಯ ‘ಏರ್ ವಾರ್ ಮ್ಯೂಡೆ’, ಅವನು ಸುಸ್ತಾಗಿದ್ದ. ಯಾರು? ಸಾಮಾನ್ಯವಾಗಿ ಟೋಮಾಸ್ ಅಂತ ಅರ್ಥ ಮಾಡ್ಕೊತಾರೆ, ಯಾಕಂದ್ರೆ ಕಥೆ ಅವನದ್ದು, ಹಿಂದಿನ ವಾಕ್ಯದ ಕರ್ತೃ ಅವನೇ. ಈಗ ಒಂದೇ ಒಂದು ಅಕ್ಷರ ಸೇರಿಸಿ, ‘ಡೇರ್ ವಾರ್ ಮ್ಯೂಡೆ’ ಅನ್ನಿ. ಸುಸ್ತಾಗಿದ್ದವನು ಮಾರ್ಟಿನ್ ಆಗೋದ! ಆ ‘ಡೇರ್’ ಏನು ಹೇಳತ್ತೆ ಅಂದ್ರೆ, ಇಷ್ಟೊತ್ತು ಯಾರ ಬಗ್ಗೆ ಮಾತಾಡ್ತಿದ್ವೋ ಅವನನ್ನ ಬಿಡು, ಪಕ್ಕದಲ್ಲಿ ನಿಂತಿದ್ನಲ್ಲ ಅವನ ಕಡೆ ನೋಡು ಅಂತ. ‘ಏರ್’ ಅಂದ್ರೆ ಅದೇ ದಾರೀಲಿ ನಡೀತಾ ಇರು, ‘ಡೇರ್’ ಅಂದ್ರೆ ಇಲ್ಲಿ ತಿರುಗು.

ಓಸ್ನಾಬ್ರ್ಯುಕ್ ಯೂನಿವರ್ಸಿಟಿಯ ಪೇಟರ್ ಬೋಶ್ ಮತ್ತೆ ಅವರ ಜೊತೆ ಕೆಲಸ ಮಾಡಿದವರು 2000ದ ದಶಕದಲ್ಲಿ ಇದನ್ನ ಪತ್ರಿಕೆ ಭಾಷೇಲಿ ಹುಡುಕಿ ನೋಡಿದ್ರು, ‘ಏರ್’ ಹೆಚ್ಚಾಗಿ ಹಿಂದಿನ ವಾಕ್ಯದ ಕರ್ತೃನ ಹಿಡಿಯತ್ತೆ, ‘ಡೇರ್’ ಹೆಚ್ಚಾಗಿ ಕರ್ತೃ ಅಲ್ಲದವರನ್ನ ಹಿಡಿಯತ್ತೆ ಅಂತ ಕಂಡಿತು. ‘ಹೆಚ್ಚಾಗಿ’ ಅನ್ನೋ ಪದ ಮರೀಬೇಡಿ. ‘ಟೋಮಾಸ್ ಮಾರ್ಟಿನ್‌ನ ನೋಡೋಕೆ ಆಸ್ಪತ್ರೆಗೆ ಹೋದ, ಅವನಿಗೆ ಆಪರೇಷನ್ ಆಗಿತ್ತು’ ಅಂದಾಗ ‘ಏರ್’ ಹಾಕಿದ್ರೂ ಆಪರೇಷನ್ ಆಗಿದ್ದು ಮಾರ್ಟಿನ್‌ಗೆ ಅಂತ ಎಲ್ರಿಗೂ ಗೊತ್ತಾಗತ್ತೆ, ಅರ್ಥ ಯಾವಾಗ್ಲೂ ವ್ಯಾಕರಣನ ಒಂದು ಕಡೆಗೆ ಎಳೀತಿರತ್ತೆ.

ಆಫೀಸ್ ಇಮೇಲಲ್ಲೋ ವರದಿಯಲ್ಲೋ ಇದೇ ತಿರುವು ಬೇಕಂದ್ರೆ ‘ಡೇರ್’ ಬದಲು ‘ಡೀಝರ್’ ಬಳಸಿ, ಅದಕ್ಕೆ ಬರವಣಿಗೆಯ ಗಾಂಭೀರ್ಯ ಇದೆ. ಬಾಯಿ ಮಾತಲ್ಲಿ ‘ಡೀಝರ್ ವಾರ್ ಮ್ಯೂಡೆ’ ಅಂದ್ರೆ ನ್ಯೂಸ್ ಓದಿದ ಹಾಗೆ ಕೇಳತ್ತೆ.

ಇನ್ನು ಒಡೆತನದ ವಿಷಯ, ಇಲ್ಲಿ ನಮ್ಮ ಕನ್ನಡ ತುಂಬಾ ಚೆನ್ನಾಗಿ ಸಹಾಯಕ್ಕೆ ಬರತ್ತೆ. ‘ಟೋಮಾಸ್ ಮಾರ್ಟಿನ್ ಹತ್ರಾನೂ ತನ್ನ ತಮ್ಮನ ಹತ್ರಾನೂ ಮಾತಾಡ್ದ’ ಅಂದ್ರೆ ಟೋಮಾಸ್‌ನ ತಮ್ಮ, ‘ಅವನ ತಮ್ಮನ ಹತ್ರಾನೂ’ ಅಂದ್ರೆ ಮಾರ್ಟಿನ್‌ನ ತಮ್ಮ. ಈ ‘ತನ್ನ’ ಅನ್ನೋ ಒಡವೆ ಜರ್ಮನ್‌ನಲ್ಲಿ ಇಲ್ಲ, ‘ಝೈನೆಮ್ ಬ್ರೂಡರ್’ ಅಂದ್ರೆ ಇಬ್ಬರಲ್ಲಿ ಯಾರ ತಮ್ಮನಾದ್ರೂ ಆಗ್ಬಹುದು. ಆದ್ರೆ ನಮ್ಮ ‘ಅವನ’ ಅನ್ನೋದಕ್ಕೆ ಸರಿಸಮ ಇದೆ, ‘ಡೆಸೆನ್ ಬ್ರೂಡರ್’ ಅಂದ್ರೆ ಮಾರ್ಟಿನ್‌ನ ತಮ್ಮನೇ. ಹೆಂಗಸಾದ್ರೆ ‘ಡೇರೆನ್’. ಮನಸ್ಸಲ್ಲಿ ಕನ್ನಡದಲ್ಲಿ ಹೇಳಿ ನೋಡಿ, ‘ತನ್ನ’ ಬಂದ್ರೆ ‘ಝೈನ್’ ಅಥವಾ ‘ಈರ್’, ‘ಅವನ, ಅವಳ’ ಬಂದು ಗೊಂದಲ ಆಗೋ ಹಾಗಿದ್ರೆ ‘ಡೆಸೆನ್, ಡೇರೆನ್’. ನನ್ನ ಹತ್ರ ಕಲಿಯೋರಲ್ಲಿ ಈ ದಾರಿ ಹಿಡಿದವರಿಗೆ ಇದು ಒಂದೇ ದಿನದಲ್ಲಿ ಬಂದಿದೆ.

ಹಂತ 4: ವಸ್ತುಗಳಿಗೆ ‘ಡೇನ್’, ‘ಡೀ’ ಧಾರಾಳವಾಗಿ, ಮನುಷ್ಯರಿಗೆ ನೋಡ್ಕೊಂಡು

ವಸ್ತುಗಳ ವಿಷಯದಲ್ಲಿ ‘ಡೇರ್, ಡೀ, ಡಾಸ್’ ದಿನನಿತ್ಯದ ಮಾತು, ವಾಕ್ಯದ ಮೊದಲಲ್ಲೇ ಬರತ್ತೆ. ‘ಕೆನ್ಸ್ಟ್ ಡೂ ಡೇನ್ ಫಿಲ್ಮ್?’ (ಆ ಸಿನಿಮಾ ಗೊತ್ತಾ?) ಅಂತ ಕೇಳಿದ್ರೆ ಉತ್ತರ ‘ಯಾ, ಡೇನ್ ಕೆನೆ ಇಶ್’ (ಹೌದು, ಅದು ಗೊತ್ತು). ಜಾಕೆಟ್ ತೋರಿಸಿ ಹೇಗಿದೆ ಅಂದ್ರೆ ‘ಡೀ ಇಸ್ಟ್ ಶ್ಯೋನ್’ (ಚೆನ್ನಾಗಿದೆ). ಇದನ್ನ ಎಷ್ಟು ಬಳಸ್ತೀರೋ ನಿಮ್ಮ ಜರ್ಮನ್ ಅಷ್ಟು ಊರಿನವರ ಥರ ಆಗತ್ತೆ.

ಮನುಷ್ಯರ ವಿಷಯ ಬೇರೆ. ನಾನು ಬಂದ ಹೊಸದ್ರಲ್ಲಿ ಒಂದು ಮೀಟಿಂಗಲ್ಲಿ, ನನಗಿಂತ ವಯಸ್ಸಲ್ಲಿ ತುಂಬಾ ಹಿರಿಯರಾದ ಸಹೋದ್ಯೋಗಿ ಎದುರಿಗೇ ಕೂತಿದ್ದಾಗ, ಯಾರೋ ಈ ಬದಲಾವಣೆ ಯಾರು ಹೇಳಿದ್ದು ಅಂತ ಕೇಳಿದ್ರು, ನಾನು ಅವರ ಕಡೆ ನೋಡಿ ‘ಡೀ ಹಾಟ್ ಎಸ್ ಗೆಝಾಕ್ಟ್’ ಅಂದೆ. ರೂಮಲ್ಲಿ ಒಂದು ಕ್ಷಣ ಯಾರೂ ಮಾತಾಡ್ಲಿಲ್ಲ. ಆಮೇಲೆ ಕಾಫಿ ಮಷೀನ್ ಹತ್ರ ಇನ್ನೊಬ್ರು ಮೆತ್ತಗೆ ಹೇಳಿದ್ರು, ಎದುರಿಗೆ ಇರೋರನ್ನ ಹಾಗೆ ಕರಿಯಲ್ಲ, ‘ಫ್ರೌ’ (ಶ್ರೀಮತಿ) ಅಂತ ಸೇರಿಸಿ ಹೆಸರು ಹೇಳ್ಬೇಕು ಅಂತ. ಮನೇಲಿ ಅತ್ತೆ ಎದುರಿಗೆ ಕೂತಿರೋವಾಗ ‘ಇವಳು ಹೇಳಿದ್ಲು’ ಅಂದ್ರೆ ಹೇಗಿರತ್ತೋ ಹಾಗೇ ಇತ್ತಂತೆ ಅದು. ಇದನ್ನ ಪಾಠದಲ್ಲಿ ಯಾರೂ ಹೇಳ್ಕೊಟ್ಟಿರ್ಲಿಲ್ಲ, ಅದಕ್ಕೇ ನಾನು ಹೇಳ್ಕೊಡೋವಾಗ ಇದನ್ನ ಬಿಡೋದೇ ಇಲ್ಲ.

ನಮ್ಮಲ್ಲಿ ಗೌರವಕ್ಕೆ ‘ಅವರು’, ‘ಇವರು’ ಇದೆ, ಸರ್ವನಾಮದಲ್ಲೇ ಮರ್ಯಾದೆ ಕೂತಿದೆ. ಜರ್ಮನ್‌ನಲ್ಲಿ ಎದುರಿಗಿರೋರ ಜೊತೆ ಮಾತಾಡೋವಾಗ ದೊಡ್ಡ ಅಕ್ಷರದ ‘ಝೀ’ ಇದೆ, ಆದ್ರೆ ಮೂರನೆಯವರ ಬಗ್ಗೆ ಹೇಳೋವಾಗ ‘ಅವರು’ ಅಂತ ಗೌರವದ ಪದ ಇಲ್ಲ, ಪ್ರೊಫೆಸರ್ ಆದ್ರೂ ‘ಏರ್’, ಹುಡುಗ ಆದ್ರೂ ‘ಏರ್’. ಹಾಗಾಗಿ ಮರ್ಯಾದೆ ನಾಮಪದಕ್ಕೆ ಹೋಗಿ ಕೂರತ್ತೆ. ಆ ಮನುಷ್ಯ ಪಕ್ಕದಲ್ಲೇ ಇದ್ರೆ, ಅಥವಾ ಇಮೇಲ್ ಕಾಪೀಲಿ ಇದ್ದು ಓದ್ತಾರೆ ಅಂತಿದ್ರೆ, ‘ಹೆರ್ (ಶ್ರೀ) ಶ್ನೈಡರ್’, ‘ಫ್ರೌ ವೇಬರ್’ ಅಂತ ಹೆಸರೇ ಹಾಕಿ, ಒಂದೇ ಪ್ಯಾರಾದಲ್ಲಿ ಎರಡು ಸಲ ಬಂದ್ರೂ ಪರವಾಗಿಲ್ಲ. ಅವರು ಇಲ್ಲದಾಗ ‘ಏರ್’, ‘ಝೀ’ ಅಂದ್ರೆ ಅದ್ರಲ್ಲಿ ಅಗೌರವ ಏನಿಲ್ಲ, ಇದನ್ನೂ ಹೇಳ್ಬೇಕು, ನಮ್ಮವರು ಕೆಲವ್ರು ಡಾಕ್ಟರನ್ನ ‘ಏರ್’ ಅನ್ನೋಕೆ ಹೆದರಿ ಪ್ರತಿ ವಾಕ್ಯದಲ್ಲೂ ‘ಹೆರ್ ಡೋಕ್ಟೋರ್’ ಅಂತಿರ್ತಾರೆ. ಆದ್ರೆ ಇಲ್ಲದವರನ್ನ ಪದೇ ಪದೇ ‘ಡೇರ್’, ‘ಡೀ’ ಅಂದ್ರೆ ಸ್ವಲ್ಪ ಅಸಡ್ಡೆ, ಕೋಪದ ವಾಸನೆ ಬರಬಹುದು, ಸ್ನೇಹಿತರ ಮಧ್ಯೆ ಮಾತ್ರ ಅದು ಮಾಮೂಲು.

ದಕ್ಷಿಣದಲ್ಲಿ, ಅಂದ್ರೆ ಬವೇರಿಯಾ, ಬಾಡೆನ್-ವ್ಯುರ್ಟೆಂಬೆರ್ಗ್ ಕಡೆ, ‘ಡೀ ಅನ್ನಾ’, ‘ಡೇರ್ ಟೋಮಾಸ್’ ಅಂತ ಹೆಸರಿಗೇ ಅದನ್ನ ಸೇರಿಸ್ತಾರೆ, ಅದು ಅಲ್ಲಿನ ಆತ್ಮೀಯ ಮಾತು, ಅಗೌರವ ಅಲ್ಲ. ಉತ್ತರದಲ್ಲಿ ಬರೀ ‘ಅನ್ನಾ’. ಬರವಣಿಗೇಲಿ ಎಲ್ಲಾ ಕಡೆ ಬರೀ ಹೆಸರು.

2018ರ ಕೊನೇಲಿ ಜರ್ಮನಿಯ ಜನನ ನೋಂದಣೀಲಿ ಗಂಡು, ಹೆಣ್ಣು ಜೊತೆಗೆ ‘ಡಿವೆರ್ಸ್’ ಅನ್ನೋದೂ ಬಂತು. ‘ಏರ್’, ‘ಝೀ’ ಎರಡೂ ಬೇಡ ಅನ್ನೋರ ವಿಷಯದಲ್ಲಿ ಎಲ್ಲರೂ ಒಪ್ಪಿದ ಒಂದು ಸರ್ವನಾಮ ಇನ್ನೂ ಇಲ್ಲ, ಹೆಸರನ್ನೇ ಮತ್ತೆ ಮತ್ತೆ ಹೇಳೋದು ಸುರಕ್ಷಿತ, ಅವರನ್ನೇ ಕೇಳೋದು ಇನ್ನೂ ಒಳ್ಳೇದು.

ಹಂತ 5: ಏನೂ ಹೇಳದೇ ಬಿಡೋದು ಎಲ್ಲಿ ನಡಿಯತ್ತೆ

ನಾವು ‘ಬಂದ್ರು, ಕೂತ್ರು, ಹೋದ್ರು’ ಅಂತೀವಿ, ಯಾರು ಅಂತ ಕ್ರಿಯಾಪದದ ಬಾಲದಲ್ಲೇ ಇದೆ. ಜರ್ಮನ್‌ನಲ್ಲಿ ಬಿಡೋಕಾಗಲ್ಲ, ‘ಏರ್’ ಬಂದೇ ಬರ್ಬೇಕು. ಆದ್ರೆ ವಾಕ್ಯದ ಮೊದಲ ಜಾಗದಲ್ಲಿ ಮಾತ್ರ ಬಾಯಿ ಮಾತಲ್ಲಿ, ಮೆಸೇಜಲ್ಲಿ ಬಿಡ್ತಾರೆ. ‘ಡಾಸ್ ವೈಸ್ ಇಶ್ ನಿಶ್ಟ್’ (ಅದು ನನಗೆ ಗೊತ್ತಿಲ್ಲ) ಅನ್ನೋದು ‘ವೈಸ್ ಇಶ್ ನಿಶ್ಟ್’ ಆಗತ್ತೆ, ‘ಇನ್ನೇನು ಬಂದ್ಬಿಡ್ತೀನಿ’ ಅನ್ನೋಕೆ ‘ಬಿನ್ ಗ್ಲೈಶ್ ಡಾ’ ಅಂತ ಟೈಪ್ ಮಾಡ್ತಾರೆ. ವಾಕ್ಯದ ಮಧ್ಯದಲ್ಲಿ ಬಿಟ್ರೆ ತಪ್ಪು. ಇದರ ಜೊತೆ ಇನ್ನೊಂದು, ಕರ್ಮವಾಗಿ ಬರೋ ‘ಎಸ್’ ವಾಕ್ಯದ ಮೊದಲಲ್ಲಿ ಬರಲ್ಲ, ‘ಎಸ್ ವೈಸ್ ಇಶ್ ನಿಶ್ಟ್’ ಅಂತ ಯಾರೂ ಅನ್ನಲ್ಲ, ಅಲ್ಲಿ ‘ಡಾಸ್’.

ಹಂತ 6: ‘ಮಿಟ್’ (ಜೊತೆ, ಇಂದ), ‘ಔಫ್’ (ಮೇಲೆ), ‘ಫೋನ್’ (ಕಡೆಯಿಂದ) ಪಕ್ಕ ಬಂದಾಗ

ಡಾಕ್ಟರ್ ಜೊತೆ ಮಾತಾಡ್ತೀನಿ ಅಂದ್ರೆ ‘ಮಿಟ್ ಈಮ್’, ಪೆನ್ನಿಂದ ಬರೀತೀನಿ ಅಂದ್ರೆ ‘ಡಾಮಿಟ್’. ಮನುಷ್ಯರಿಗೆ ಸರ್ವನಾಮ, ವಸ್ತುಗಳಿಗೆ ‘ಡಾ’ ಸೇರಿಸಿದ ಒಂದೇ ಪದ, ಡಾಮಿಟ್, ಡಾರೌಫ್, ಡಾಫೋನ್. ಪ್ರಶ್ನೇಲೂ ಹಾಗೇ, ಯಾರ ಜೊತೆ ಅನ್ನೋಕೆ ‘ಮಿಟ್ ವೇಮ್’, ಯಾವುದರಿಂದ ಅನ್ನೋಕೆ ‘ವೋಮಿಟ್’. ಕೊನೆಗೂ ಇಲ್ಲಿ ನಮ್ಮ ‘ಅವರು’ ಮತ್ತೆ ‘ಅದು’ ಲೆಕ್ಕ ಹಾಗ್ಹಾಗೇ ಕೆಲಸಕ್ಕೆ ಬರತ್ತೆ, ಲಿಂಗ ಯೋಚನೆ ಮಾಡೋ ಅಗತ್ಯಾನೇ ಇಲ್ಲ.

ಹಂತ 7: ಯಾವಾಗ ಪೂರ್ತಿ ನಾಮಪದಕ್ಕೇ ವಾಪಸ್ ಹೋಗ್ಬೇಕು

ಹೊಸ ಪ್ಯಾರಾ ಶುರುವಾದಾಗ, ಮಧ್ಯೆ ಬೇರೆ ವಿಷಯ ಬಂದು ಹೋದಾಗ, ಒಂದೇ ಲಿಂಗದ ಇಬ್ರು ಇದ್ದು ‘ಡೇರ್’ ಕೂಡ ಗೊಂದಲ ಬಿಡಿಸದೇ ಇದ್ದಾಗ ನಾಮಪದ ಹಾಕಿ, ಯೋಚನೆ ಬೇಡ. ಆಮೇಲೆ ನೀವು ಏನು ಬರೀತಿದೀರ ಅನ್ನೋದರ ಮೇಲೆ ಹೋಗತ್ತೆ.

ಕಾನೂನು, ಕರಾರು, ಮಷೀನ್ ಸೂಚನೆ ಇವುಗಳಲ್ಲಿ ಒಂದೇ ಪದನ ಎಷ್ಟು ಸಲ ಬೇಕಾದ್ರೂ ಹಾಕ್ತಾರೆ. 1900ರ ಜನವರಿ 1ರಿಂದ ಜಾರೀಲಿರೋ ಜರ್ಮನ್ ನಾಗರಿಕ ಸಂಹಿತೆಯ 433ನೇ ಕಲಂ ನೋಡಿ, ಮಾರಾಟಗಾರ ಖರೀದಿದಾರನಿಗೆ ವಸ್ತುನ ಒಪ್ಪಿಸ್ಬೇಕು, ಆ ವಸ್ತುವಿನ ಒಡೆತನನೂ ಕೊಡ್ಬೇಕು ಅಂತ ಬರತ್ತೆ, ಮೊದಲ್ನೇ ವಾಕ್ಯ ಒಂದ್ರಲ್ಲೇ ವಸ್ತು ಅನ್ನೋದಕ್ಕಿರೋ ‘ಝಾಖೆ’ ಪದ ಮೂರು ಸಲ ಇದೆ. ಅದಕ್ಕೆ ಒಂದ್ಸಲಾನೂ ಸರ್ವನಾಮ ಹಾಕಿಲ್ಲ, ಹಾಕಿದ್ರೆ ಯಾವುದು ಅಂತ ನಾಳೆ ಕೋರ್ಟಲ್ಲಿ ವಾದ ಆಗ್ಬಹುದಲ್ಲ. ಮನೆ ಬಾಡಿಗೆ ಕರಾರು ಓದೋವಾಗ ಈ ಪುನರಾವರ್ತನೆ ಕಂಡು ಗಾಬರಿ ಆಗ್ಬೇಡಿ, ಅದು ನಿಮ್ಮ ರಕ್ಷಣೆಗೇ ಇರೋದು.

ಪತ್ರಿಕೇಲಿ ಪೂರ್ತಿ ಉಲ್ಟಾ. ಅಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದ್ರೆ ಕೆಟ್ಟ ಬರವಣಿಗೆ ಅಂತ ಸ್ಕೂಲಿಂದಾನೇ ತಲೆಗೆ ಹಾಕಿರ್ತಾರೆ, ಹಾಗಾಗಿ ಪ್ರತಿ ಸಲ ಹೊಸ ಹೆಸರು. ಅಪಘಾತದ ಸುದ್ದೀಲಿ ಒಬ್ಬ ಕಾರ್ ಚಾಲಕ ಬರ್ತಾನೆ, ಮುಂದಿನ ಸಾಲಲ್ಲಿ ಅವನು ‘34 ವರ್ಷದವನು’ ಆಗ್ತಾನೆ, ನಮ್ಮವರು ಇನ್ಯಾರೋ ಬಂದ್ರು ಅಂದ್ಕೊತಾರೆ, ಅಲ್ಲ, ಅದೇ ಮನುಷ್ಯ. ಫುಟ್‌ಬಾಲ್ ಸುದ್ದೀಲಿ ಬಯರ್ನ್, ಆಮೇಲೆ ‘ಡೀ ಮ್ಯುನ್ಶ್ನರ್’ (ಮ್ಯೂನಿಕ್‌ನವರು), ಆಮೇಲೆ ‘ಡೇರ್ ರೆಕೋರ್ಡ್‌ಮೈಸ್ಟರ್’ (ಅತಿ ಹೆಚ್ಚು ಸಲ ಚಾಂಪಿಯನ್ ಆದವರು), ಮೂರೂ ಒಂದೇ ಟೀಮ್. ಓದೋವಾಗ ಹೊಸ ನಾಮಪದ ಕಂಡ ತಕ್ಷಣ ಹೊಸ ಮನುಷ್ಯ ಅಂತ ತಿಳ್ಕೊಬೇಡಿ, ಆ ನಾಮಪದದ ಮುಂದೆ ‘ಐನ್’ (ಯಾರೋ ಒಬ್ಬ) ಇದ್ರೆ ಹೊಸಬ, ‘ಡೇರ್’ ಇದ್ರೆ ಹಳಬನೇ ಇರ್ಬಹುದು ಅಂತ ಹಿಂದೆ ತಿರುಗಿ ನೋಡಿ. ಬಿ2, ಸಿ1 ಪರೀಕ್ಷೆಯ ಓದೋ ಭಾಗದಲ್ಲಿ ಇದೊಂದು ಗೊತ್ತಿದ್ರೆ ಎಷ್ಟೋ ಉಪಯೋಗ ಆಗತ್ತೆ.

ಈಗ ಎಲ್ಲಾ ಸೇರಿಸಿ ಒಂದು ಪುಟ್ಟ ಕಥೆ

‘ಫ್ರೌ ವೇಬರ್ ಹಾಟ್ ಐನೆನ್ ಹುಂಟ್’, ಫ್ರೌ ವೇಬರ್ ಹತ್ರ ಒಂದು ನಾಯಿ ಇದೆ. ನಾಯಿ ಮೊದಲ್ನೇ ಸಲ ಬಂತು, ಅದಕ್ಕೆ ‘ಐನೆನ್’. ಮುಂದೆ ನಾಯಿ ಹೆಸರು ಬ್ರೂನೊ ಅಂತ ಹೇಳ್ಬೇಕು, ಕಥೆ ಫ್ರೌ ವೇಬರಿಂದ ನಾಯಿ ಕಡೆ ತಿರುಗ್ತಿದೆ, ಮಾತಲ್ಲಿ ‘ಡೇರ್ ಹೈಸ್ಟ್ ಬ್ರೂನೊ’. ಈಗ ಬ್ರೂನೊನೇ ಮುಖ್ಯ, ನಿನ್ನೆ ಓಡಿಹೋಯ್ತು ಅನ್ನೋಕೆ ‘ಗೆಸ್ಟರ್ನ್ ಇಸ್ಟ್ ಏರ್ ವೆಕ್‌ಗೆಲೌಫೆನ್’, ಬರೀ ‘ಏರ್’ ಸಾಕು. ಪಕ್ಕದ ಮನೆಯವರೊಬ್ರು ಸ್ಟೇಷನ್ ಹತ್ರ ಕಂಡು ಹಿಡಿದ್ರು, ‘ಐನ್ ನಾಖ್‌ಬಾರ್ ಹಾಟ್ ಈನ್ ಆಮ್ ಬಾನ್‌ಹೋಫ್ ಗೆಫುಂಡೆನ್’. ಈಗ ಪುಲ್ಲಿಂಗದವರು ಇಬ್ರಾದ್ರು, ನಾಯಿ ಮತ್ತೆ ಪಕ್ಕದ ಮನೆಯವರು, ಫ್ರೌ ವೇಬರ್ ಮೂರು ವಾಕ್ಯದಿಂದ ಮಾತಲ್ಲೇ ಇಲ್ಲ. ಪಕ್ಕದ ಮನೆಯವರು ಫ್ರೌ ವೇಬರಿಗೆ ಫೋನ್ ಮಾಡಿದ್ರು ಅಂತ ಹೇಳೋವಾಗ ‘ಏರ್ ಹಾಟ್ ಝೀ ಆನ್‌ಗೆರೂಫೆನ್’ ಅಂದ್ರೂ ಅರ್ಥ ಆಗತ್ತೆ, ಆದ್ರೆ ಓದೋರಿಗೆ ಕೆಲಸ ಜಾಸ್ತಿ, ಅದಕ್ಕೆ ಎರಡೂ ಕಡೆ ನಾಮಪದ: ‘ಡೇರ್ ನಾಖ್‌ಬಾರ್ ಹಾಟ್ ಫ್ರೌ ವೇಬರ್ ಗ್ಲೈಶ್ ಆನ್‌ಗೆರೂಫೆನ್’. ಫ್ರೌ ವೇಬರ್ ಖುಷಿಗೆ ಅತ್ರು, ‘ಝೀ ಹಾಟ್ ಫೋರ್ ಫ್ರೊಯ್ಡೆ ಗೆವೈಂಟ್’, ಸ್ತ್ರೀಲಿಂಗದವರು ಒಬ್ರೇ, ‘ಝೀ’ ಸಾಕು. ಕೊನೇ ವಾಕ್ಯ, ಅವರು ಹಾಗೆ ಅತ್ತಿದ್ದು ಪಕ್ಕದ ಮನೆಯವರ ಮನಸ್ಸಿಗೆ ತಟ್ಟಿತು. ಇಲ್ಲಿ ಹಿಡಿದಿರೋದು ಮನುಷ್ಯರನ್ನಲ್ಲ, ವಸ್ತುನೂ ಅಲ್ಲ, ನಡೆದಿದ್ದನ್ನ, ಅದಕ್ಕೆ ಯಾವ ಲಿಂಗನೂ ನೋಡ್ಬೇಕಾಗಿಲ್ಲ: ‘ಡಾಸ್ ಹಾಟ್ ಡೇನ್ ನಾಖ್‌ಬಾರ್ನ್ ಗೆರ್ಯೂರ್ಟ್’.